ಭಾನುಪ್ರಿಯಾ ಸಹಿ ಹಾಕಿದ ಚೆಂಡು

ರಾತ್ರಿ ನೆನೆಹಾಕಿದ್ದ ಅವರೆಕಾಳು ಬೆಳಿಗ್ಗೆ ಹೊತ್ತಿಗೆ ಉಬ್ಬಿ ಮೆತ್ತಗಾಗಿತ್ತು. ರಂಜಿನಿ ಹಿತ್ತಲ ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತು ಕಾಳು ಹಿತುಕುತ್ತಿದ್ದಳು. ಬೇಳೆ ಚಿಮ್ಮಿ ಬಟ್ಟಲಿಗೆ ಬೀಳುತ್ತಿತ್ತು, ಸಿಪ್ಪೆ ಬೆರಳಲ್ಲೇ ಉಳಿಯುತ್ತಿತ್ತು. ಎದುರಿಗೆ ಅವಳ ಅತ್ತೆ ಚಿಕ್ಕಮಾದಮ್ಮನೂ ಅದೇ ಕೆಲಸಕ್ಕೆ ಕೂತಿದ್ದರು. ಆದರೆ ಅವರ ಕೈಗಿಂತ ಬಾಯಿಗೇ ಹೆಚ್ಚು ಕೆಲಸ.

"ಈ ವರ್ಸ ಅವರೇಲಿ ಸೊಗಡೇ ಇಲ್ಲ ಕನ ರಂಜಿ. ಮಂಜು ಬಿದ್ರೆ ತಾನೆ ಸೊಗಡು ಬರದು? ಬೀನ್ಸು ತಿಂದಂಗದೆ."

"ಸಾರು ಉಂಡ್ಮೇಲೆ ಹೇಳಿ ಅತ್ತೆ."

"ಉಂಡ್ಮೇಲೂ ಅದ್ನೇ ಏಳದು. ಈಗ್ಲೇ ಏಳ್ಬುಟ್ರೆ ಆಗ ಬಾಯಿ ಕಾಲಿ ಇರ್ತದೆ."

ಆಗಲೇ ನಡುಮನೆಯಲ್ಲಿ ಫೋನು ಹೊಡೆದುಕೊಂಡಿತು. ಸ್ಕೂಲಿಗೆ ಹೊರಡಲು ಒಂದು ಜಡೆ ಹಾಕಿಕೊಂಡು ಇನ್ನೊಂದನ್ನು ಬಿಚ್ಚಿ ಬಿಟ್ಟುಕೊಂಡಿದ್ದ ಕವನ ಓಡಿಹೋಗಿ ಎತ್ತಿದಳು. ಒಂದು ಕ್ಷಣ ಕೇಳಿಸಿಕೊಂಡು, ಫೋನನ್ನು ಎದೆಗೆ ಒತ್ತಿಕೊಂಡೇ ಹಿತ್ತಲಿಗೆ ಬಂದಳು.

"ಅಮ್ಮ, ಮಂಟೇಸ್ವಾಮಿ ಮೇಷ್ಟ್ರು. ನರಸೀಪುರದಿಂದ."

ರಂಜಿನಿಯ ಎರಡೂ ಕೈ ಅಂಟಂಟು. ಮಗಳು ಅವಳ ಕಿವಿಗೆ ಫೋನು ಹಿಡಿದಳು.

ತಿ. ನರಸೀಪುರದ ಮಂಟೇಸ್ವಾಮಿ ಮೇಷ್ಟ್ರೆಂದರೆ ಈ ನಂಜನಗೂಡಿನ ಸುತ್ತಿನಲ್ಲೂ ವಾಲಿಬಾಲ್ ಆಡುವ ಮಕ್ಕಳಿಗೆಲ್ಲ ಗೊತ್ತು. ರಾಜ್ಯ ತಂಡಕ್ಕೆ ಕ್ಯಾಪ್ಟನ್ ಆಗಿದ್ದ ಭಾನುಪ್ರಿಯಾಗೆ ಮೊದಲು ಚೆಂಡು ಹಿಡಿಯುವುದನ್ನು ಕಲಿಸಿದವರು ಅವರೇ. ಡ್ರಿಲ್ ಮೇಷ್ಟ್ರ ಕೆಲಸದಿಂದ ರಿಟೈರಾಗಿದ್ದರೂ ಕೊರಳಿನ ವಿಷಲ್ ಇಳಿಸಿರಲಿಲ್ಲ.

"ನಮಸ್ಕಾರ ಕಣಮ್ಮ. ನಿಮ್ಮ ಮಗಳತ್ರ ಭಾನು ಸಹಿ ಹಾಕಿರೋ ಚೆಂಡು ಅದಂತಲ್ಲ? ಸುತ್ತೂರಲ್ಲಿ ಮ್ಯಾಚಿಗೆ ಬಂದಿದ್ದಾಗ ನಿಮ್ಮ ಹುಡುಗೀನೇ ಹೇಳಿದ್ಲು. ನಮ್ಮ ರೂಮಿಗೆ ಕೊಡ್ತೀನಿ ಅಂತನೂ ಅಂದ್ಲು."

"ಯಾವ ರೂಮು ಸಾ?"

ಮೇಷ್ಟ್ರು ವಿವರವಾಗಿ ಹೇಳಿದರು. ಭಾನುಪ್ರಿಯಾ ಆಟ ನಿಲ್ಲಿಸಿದ್ದಾಳೆ, ಈಗ ದೂರದಲ್ಲೆಲ್ಲೋ ಹುಡುಗಿಯರಿಗೆ ತರಬೇತಿ ಕೊಡುತ್ತಿದ್ದಾಳೆ. ನರಸೀಪುರದ ಮೈದಾನದಲ್ಲಿ ಮೆಟ್ಟಿಲುಗಳ ಕೆಳಗೆ ಒಂದು ಕೋಣೆ ಖಾಲಿ ಬಿದ್ದಿದೆ. ಅಲ್ಲಿ ಅವಳ ಹೆಸರಲ್ಲಿ ನಾಲ್ಕು ವಸ್ತು ಇಟ್ಟರೆ ಮುಂದಿನ ಹುಡುಗಿಯರು ನೋಡುತ್ತಾರೆ. ತೊಂದರೆಯೆಂದರೆ ಆ ಪುಣ್ಯಾತ್ಗಿತ್ತಿ ತನ್ನದೆಂದು ಏನನ್ನೂ ಇಟ್ಟುಕೊಂಡಿಲ್ಲ. ಶೂ ಕೂಡ ಸಹಿ ಹಾಕಿ ಯಾರಿಗೋ ಕೊಟ್ಟುಬಿಟ್ಟಿದ್ದಾಳೆ.

"ಅದಕ್ಕೇ ಊರೂರಿಂದ ತರಿಸ್ತಾ ಇದ್ದೀನಿ. ಈಗ ನೋಡಿದ್ರೆ ಸುಳ್ಳು ಸಹಿನೂ ಬರ್ತಾ ಅವೆ. ಯಾರೋ ಅಚ್ಚು ಹಾಕಿಸಿ ಮಾರವ್ರೆ. ಭಾನುಗೆ ಫೋಟೋ ಕಳಿಸಿದ್ರೆ, ಎಲ್ಲಾ ನಂದೇ ಸಾ ಅಂತಾಳೆ. ಯಾರ ಮನಸ್ಸೂ ನೋಯಿಸಬಾರದು ಅವಳಿಗೆ. ಒಂದ್ಸಲ ಪರೀಕ್ಷೆಗೆ ಅಂತ ನಾನೇ ಸಹಿ ಮಾಡಿ ಕಳಿಸಿದೆ, ಅದೂ ನಂದೇ ಅಂದ್ಲು. ಹಂಗಾಗಿ ನಾನೇ ಕೂತು ನೋಡ್ತೀನಿ. ಭಾನುವಾರ ಚೆಂಡು ತನ್ನಿ. ಸರಿ ಇದ್ರೆ ಕೆಳಗೆ ಮಗಳ ಹೆಸರು ಬರೆಸಿ ಇಡ್ತೀವಿ."

ಫೋನು ಇಟ್ಟಮೇಲೆ ರಂಜಿನಿ ಮಗಳ ಮುಖ ನೋಡಿದಳು. ಹೆಸರು ಬರೆಸುವ ಮಾತಿಗೆ ಹುಡುಗಿ ಕುಣಿದಾಡಬೇಕಾಗಿತ್ತು. ಕವನ ಬಿಚ್ಚಿದ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು.

"ಅಪ್ಪಂಗೆ ಹೇಳಿದ್ಯಾ?"

"ಇಲ್ಲ. ಚೆಂಡು ನಂದಲ್ವಾ?"

"ನಿಂದೇ. ಕೊಟ್ಟುಬಿಟ್ಟರೆ ಆಮೇಲೆ ಅಳಬಾರದು."

"ಅಳಲ್ಲ." ಕವನ ಇನ್ನೇನೋ ಹೇಳಲು ಬಾಯಿ ತೆರೆದಳು. "ಅಮ್ಮ..."

"ಏನು?"

"ಏನಿಲ್ಲ. ಜಡೆ ಹಾಕು, ಬಸ್ಸು ಬತ್ತದೆ."

ಅಂಟು ಕೈ ತೊಳೆದುಕೊಂಡು ಬಂದು ರಂಜಿನಿ ಜಡೆ ಹಾಕಿದಳು. ಅತ್ತೆ ಹಿಂದಿನಿಂದ, "ಬಿಗ್ಯಾಗಿ ಹಾಕು, ಕೂಸು ಆಟದಲ್ಲಿ ಬಿಚ್ಕತದೆ" ಎಂದರು. ಅವರೆಕಾಳು ಅರ್ಧಕ್ಕೇ ನಿಂತಿತ್ತು.

ಆ ಚೆಂಡು ಮನೆಗೆ ಬಂದಾಗ ಕವನ ಎರಡನೇ ಕ್ಲಾಸಿನಲ್ಲಿದ್ದಳು. ಬೇಸಿಗೆಯಲ್ಲಿ ನರಸೀಪುರದಲ್ಲಿ ಪಂದ್ಯ ನಡೆದಿತ್ತು. ಭಾನುಪ್ರಿಯಾ ಬಹುಮಾನ ಕೊಡಲು ಬರುತ್ತಾಳೆಂದು ಕೇಳಿ ಕವನಳ ಅಪ್ಪ ರವಿಚಂದ್ರ ಫ್ಯಾಕ್ಟರಿಗೆ ರಜೆ ಹಾಕಿ ಹೋಗಿದ್ದ. ಹೊಸ ಬಿಳಿ ಚೆಂಡು ಕೊಂಡು, ಜನರ ನಡುವೆ ನುಗ್ಗಿ, ಷರ್ಟಿನ ಗುಂಡಿ ಕಿತ್ತುಕೊಂಡು ಸಹಿ ಹಾಕಿಸಿಕೊಂಡು ಬಂದಿದ್ದ. ಕವನ ಚೆಂಡನ್ನು ತಬ್ಬಿಕೊಂಡು ಮಲಗಿದ್ದಳು. ಮಾರನೆಯ ದಿನದಿಂದ ಅದು ಟೀವಿ ಪಕ್ಕದ ಗಾಜಿನ ಗೂಡಿನಲ್ಲಿ, ಉರುಳದಿರಲೆಂದು ಒಂದು ಸ್ಟೀಲ್ ಬಟ್ಟಲ ಮೇಲೆ ಕೂತಿತು. ಯಾರೂ ಅದರಲ್ಲಿ ಆಡಲಿಲ್ಲ. ಮನೆಗೆ ಯಾರೇ ಬಂದರೂ ಕಾಫಿಗಿಂತ ಮೊದಲು ರವಿಚಂದ್ರ ಗೂಡಿನ ಬಾಗಿಲು ತೆಗೆಯುತ್ತಿದ್ದ. ಆ ಚೆಂಡು ನೋಡಿಯೇ ಕವನ ಆಟಕ್ಕೆ ಸೇರಿದಳು. ಈಗ ಆರನೇ ಕ್ಲಾಸು, ಸ್ಕೂಲು ತಂಡದಲ್ಲಿದ್ದಾಳೆ. ಸಹಿ ಮಾಡಿದ್ದು ನಿಜವಾಗಲೂ ಭಾನುಪ್ರಿಯಾನೇನಾ ಎಂದು ಜೊತೆಯ ಹುಡುಗಿಯರು ಯಾರಾದರೂ ಅನುಮಾನಪಟ್ಟರೆ ಅವಳ ಉತ್ತರ ಒಂದೇ: "ನಮ್ಮಪ್ಪ ಹೇಳವ್ರೆ." ಮಳೆ ಬರುತ್ತದೋ ಇಲ್ಲವೋ, ಮೊಸಳೆ ಕಪಿಲಾ ಹೊಳೆಯಲ್ಲಿದೆಯೋ ಇಲ್ಲವೋ, ಎಲ್ಲಕ್ಕೂ ಅದೇ ಕೊನೆಯ ಮಾತು.

ಸಂಜೆ ರವಿಚಂದ್ರ ಬಂದಾಗ ರಂಜಿನಿ ಮೇಷ್ಟ್ರ ಫೋನಿನ ಸುದ್ದಿ ಹೇಳಿದಳು. ಅವನು ತಾನೇ ಸುದ್ದಿಯನ್ನು ಬೀದಿಗೆಲ್ಲ ಹಂಚುತ್ತಾನೆ ಎಂದುಕೊಂಡಿದ್ದಳು. ಅವನು ಸಾಕ್ಸು ಕಳಚುತ್ತಿದ್ದವನು ಹಾಗೇ ನಿಂತುಬಿಟ್ಟ.

"ಅದ್ಯಾಕೆ ಅಲ್ಲಿಗೆ ಕೊಡ್ಬೇಕು? ಮನೇಲೇ ಇರ್ಲಿ ಬಿಡು."

"ಕವನ ಒಪ್ಕೊಂಡಾಗಿದೆ. ಟೀಮಿನವ್ರಿಗೆಲ್ಲ ಹೇಳವ್ಳೆ."

"ಅಲ್ಲಿ ಏನು, ನೋಡಿ ಹೇಳ್ತಾರಂತಾ? ನಿಜವೋ ಸುಳ್ಳೋ ಅಂತ?"

"ಮಂಟೇಸ್ವಾಮಿ ಮೇಷ್ಟ್ರೇ ನೋಡ್ತಾರಂತೆ."

ಅವನು ಇನ್ನೊಂದು ಸಾಕ್ಸು ಕಳಚಿ, ಒಂದರೊಳಗೊಂದು ತುರುಕಿ ಉಂಡೆ ಮಾಡಿದ. ಎಂದೂ ಹಾಗೆ ಮಾಡುವವನಲ್ಲ, ಮೂಲೆಗೆ ಎಸೆಯುವವನು. ಅವರೆಬೇಳೆ ಸಾರು ಉಣ್ಣುವಾಗಲೂ ಚೆನ್ನಾಗಿದೆ ಎನ್ನಲಿಲ್ಲ. ಚಿಕ್ಕಮಾದಮ್ಮ ಮಾತ್ರ ಎರಡು ಸಲ ಬಡಿಸಿಕೊಂಡು, ಸೊಗಡಿಲ್ಲ ಎಂದರು.

ಮಾರನೆಯ ದಿನ ಮನೆ ಖಾಲಿಯಾದ ಮೇಲೆ ರಂಜಿನಿ ಕಸ ಗುಡಿಸಿ, ಟೀವಿಯ ಧೂಳು ಒರೆಸಿ, ಚೆಂಡನ್ನೂ ಒರೆಸಿ ಕೊಡೋಣವೆಂದು ಗೂಡಿನಿಂದ ಇಳಿಸಿದಳು. ಇಷ್ಟು ವರ್ಷ ಅದನ್ನು ಒರೆಸಿದವಳೇ. ಆದರೆ ಒರೆಸುವುದು ಬೇರೆ, ನೋಡುವುದು ಬೇರೆ. ಭಾನುವಾರ ಇನ್ನೊಬ್ಬರು ಕಣ್ಣಿಟ್ಟು ನೋಡುತ್ತಾರೆಂದ ಮೇಲೆ ತಾನೂ ಕಿಟಕಿಯ ಬೆಳಕಿಗೆ ಹಿಡಿದಳು.

ಬಿಳಿ ಚರ್ಮದ ಮೇಲೆ ನೀಲಿ ಸಹಿ. ಸಹಿಯ ಮಧ್ಯಕ್ಕೆ ಸರಿಯಾಗಿ ಒಂದು ತಿಳಿಗೆಂಪು ಕಲೆ, ಕಾಸಿನಗಲ. ಕುಂಕುಮದ್ದು. ಆಯುಧಪೂಜೆಯಲ್ಲಿ ಅತ್ತೆ ಮನೆಯಲ್ಲಿರುವ ಎಲ್ಲದಕ್ಕೂ ವಿಭೂತಿ ಎಳೆದು ಕುಂಕುಮ ಇಡುತ್ತಾರೆ. ಸ್ಕೂಟರು, ಕುಡುಗೋಲು, ಈಳಿಗೆಮಣೆ, ರಂಜಿನಿಯ ಹೊಲಿಗೆ ಮಿಷನ್ನು, ಗ್ಯಾಸ್ ಸ್ಟೌ, ಒಂದು ವರ್ಷ ಟೀವಿ ರಿಮೋಟಿಗೂ ಇಟ್ಟು ಒತ್ತುಗುಂಡಿ ಕಚ್ಚಿಕೊಂಡಿತ್ತು. ಕವನಳ ಚೆಂಡು ಕವನಳ ಆಯುಧ. ಅದಕ್ಕೂ ಇಟ್ಟಿದ್ದರಲ್ಲಿ ವಿಶೇಷವಿಲ್ಲ. ಚೆಂಡು ಬಂದ ವರ್ಷ ಒಂದೇ ಸಲ. ಮುಂದಿನ ವರ್ಷದಿಂದ ರವಿಚಂದ್ರ, ಗೂಡಿಗೆ ಹೂವು ಮುಡಿಸಿದರೆ ಸಾಕು ಎಂದು ತಾಯಿಯನ್ನು ಒಪ್ಪಿಸಿದ್ದ.

ರಂಜಿನಿ ಸೆರಗಿನ ತುದಿ ಒದ್ದೆ ಮಾಡಿ ಕಲೆಯ ಅಂಚಿಗೆ ಮೆಲ್ಲಗೆ ಒತ್ತಿದಳು. ಕೆಂಪು ಹೋಗಲಿಲ್ಲ, ಚರ್ಮಕ್ಕೆ ಇಳಿದಿತ್ತು. ಆದರೆ ಅದರ ಮೇಲೆ ಹಾದುಹೋಗಿದ್ದ ನೀಲಿ ಗೆರೆ ಒಂದಿಷ್ಟೂ ಕೆಂಪಾಗಿರಲಿಲ್ಲ. ಎಲ್ಲಿಯೂ ಕುಂಕುಮ ಗೆರೆಯ ಮೇಲೆ ಕೂತಿರಲಿಲ್ಲ. ಗೆರೆಯೇ ಕುಂಕುಮದ ಮೇಲೆ ನಡೆದಿತ್ತು, ಒಣಗಿದ ನೆಲದ ಮೇಲೆ ರಂಗೋಲಿ ಎಳೆದ ಹಾಗೆ.

ಅವಳು ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸಹಿ ಆದದ್ದು ಬೇಸಿಗೆಯಲ್ಲಿ. ಕುಂಕುಮ ಇಟ್ಟದ್ದು ದಸರೆಯಲ್ಲಿ. ಬೇಸಿಗೆಯ ಸಹಿ ದಸರೆಯ ಕುಂಕುಮದ ಮೇಲೆ ಬರುವುದು ಹೇಗೆ?

ಶನಿವಾರ ರವಿಚಂದ್ರ ಮೊದಲ ಪಾಳಿ ಮುಗಿಸಿ ಮಧ್ಯಾಹ್ನವೇ ಬಂದ. ಅತ್ತೆ ಪಕ್ಕದ ಮನೆಯಲ್ಲಿದ್ದರು, ಕವನ ಮೈದಾನದಲ್ಲಿ. ಅವನು ಅಂಗಳದಲ್ಲಿ ಸ್ಕೂಟರಿನ ಬ್ರೇಕು ಬಿಗಿ ಮಾಡುತ್ತಿದ್ದಾಗ ರಂಜಿನಿ ಚೆಂಡು ತಂದು ಸೀಟಿನ ಮೇಲಿಟ್ಟಳು. ಕೆಂಪು ಕಲೆ ಮೇಲೆ ಬರುವ ಹಾಗೆ ತಿರುಗಿಸಿದಳು.

ಅವನು ನೋಡಿದ. ಸ್ಪ್ಯಾನರ್ ಕೆಳಗಿಟ್ಟ.

"ಭಾನುಪ್ರಿಯಾನೇ ಹಾಕಿದ್ದು. ನನ್ನ ಕಣ್ಮುಂದೆ. ಅದು ಸುಳ್ಳಲ್ಲ."

"ಇದು?"

"ಇದು... ನಾನು."

ಅವನು ಅಂಗಳದ ಕಲ್ಲಿನ ಮೇಲೆ ಕೂತು ಹೇಳಿದ. ಆ ವರ್ಷ ಆಯುಧಪೂಜೆಗೆ ರಂಜಿನಿ ಮನೆಯಲ್ಲಿರಲಿಲ್ಲ. ಅಕ್ಕನ ಬಾಣಂತನಕ್ಕೆಂದು ಕವನಳನ್ನೂ ಕರೆದುಕೊಂಡು ತವರಿಗೆ ಹೋಗಿದ್ದಳು. ಅವನು ಹೊರಗೆ ಸ್ಕೂಟರು ತೊಳೆಯುತ್ತಿದ್ದ. ಒಳಗೆ ಅವ್ವ ಸೀಗೆಪುಡಿ, ತೆಂಗಿನನಾರು ಹಿಡಿದು ಒಂದೊಂದನ್ನೇ ಉಜ್ಜುತ್ತಿದ್ದರು. ಅವನು ಒಳಗೆ ಹೋಗುವ ಹೊತ್ತಿಗೆ ಚೆಂಡು ಹಾಲಿನ ಹಾಗೆ ಬೆಳ್ಳಗಾಗಿ, ಮೂರು ಪಟ್ಟೆ ವಿಭೂತಿ, ಮಧ್ಯೆ ಕುಂಕುಮ ಇಟ್ಟುಕೊಂಡು ದೇವರ ಮುಂದೆ ಕೂತಿತ್ತು.

"ಅವ್ವ ಏನಂದ್ಲು ಗೊತ್ತಾ? 'ನೋಡ್ಲಾ, ಕೂಸಿನ ಚೆಂಡ ಎಂಗ್ ಬೆಳಗಿವ್ನಿ. ಯಾವ್ದೋ ಇಂಕು ಮೆತ್ಕಂಡಿತ್ತು, ಉಜ್ಜಿ ಉಜ್ಜಿ ಕೈ ಬಿದ್ದೋಯ್ತು' ಅಂದ್ಲು. ಅಷ್ಟು ಖುಷಿಯಾಗಿದ್ಲು. ಅವಳಿಗೆ ಏನಂತ ಹೇಳ್ಲಿ? ಓದಕ್ಕೆ ಬರಲ್ಲ, ಅವಳಿಗೆ ಅದು ಕಲೆ."

ರಂಜಿನಿಗೆ ನಗು ಬಂದಿತು, ನಗಲಿಲ್ಲ.

"ನೀವು ಸಂಜೆ ಬಸ್ಸಿಗೆ ಬರೋರಿದ್ರಿ. ಕವನ ಬಂದ ತಕ್ಷಣ ಮೊದಲು ನೋಡೋದೇ ಅದನ್ನ. ಫ್ಯಾಕ್ಟರಿ ಸೇರೋಕೆ ಮುಂಚೆ ನಂಬರ್ ಪ್ಲೇಟು, ಅಂಗಡಿ ಬೋರ್ಡು ಬರೀತಿದ್ದೆ ಅಲ್ವಾ, ಕೈ ನೆಟ್ಟಗೇ ಇತ್ತು. ದಿನಾ ನೋಡಿ ನೋಡಿ ಸಹಿ ಬಾಯಿಪಾಠ ಆಗಿತ್ತು. ಕುಂಕುಮ ಒರೆಸಿ, ಅಂಥದೇ ನೀಲಿ ಮಾರ್ಕರ್ ತಂದು ಬರೆದೆ. ಹೋಗಿರೋದನ್ನೇ ತಾನೆ ಬರೆದಿದ್ದು? ಬೇರೇದಲ್ಲ."

"ಆಮೇಲೆ ಹೇಳಬಹುದಿತ್ತಲ್ಲ."

"ಹೇಳೋಣ ಅಂತ್ಲೇ ಇದ್ದೆ. ಅವಳು ಅದನ್ನ ನೋಡ್ಕೊಂಡು ಆಟಕ್ಕೆ ಸೇರಿದ್ಲು. ಅವ್ವನೂ ಇಲ್ಲೇ ಇದ್ಲು. ಆಮೇಲೆ ಅಂದ್ರೆ ಯಾವಾಗ?"

ರಂಜಿನಿ ಸೀಟಿನ ಮೇಲಿಂದ ಚೆಂಡನ್ನು ಎತ್ತಿಕೊಂಡಳು. ಮನಸ್ಸು ಮಾಡಿದರೆ ಚೆಂಡನ್ನು ಕೊಡದಿರಲು ದಾರಿ ಇತ್ತು. ಕವನಳಿಗೆ ಜ್ವರ ಎಂದು ಫೋನು ಮಾಡಬಹುದು. ಗಾಳಿ ಹೋಗಿದೆ, ಸರಿಮಾಡಿಸಿ ತರುತ್ತೇವೆ ಎಂದು ಮುಂದೂಡಬಹುದು. ಆದರೆ ಹಾಗೆ ಮಾಡಿದರೆ ಸುಳ್ಳು ಹೇಳುವವರು ಮನೆಯಲ್ಲಿ ಇಬ್ಬರಾಗುತ್ತಾರೆ. ನರಸೀಪುರದಲ್ಲಿ ನಾಲ್ಕು ಜನರ ಮುಂದೆ ಮೇಷ್ಟ್ರು ಇದು ಸುಳ್ಳು ಅಂದುಬಿಟ್ಟರೆ, ಮಗಳು ಅಲ್ಲಿಯೂ, "ನಮ್ಮಪ್ಪ ಹೇಳವ್ರೆ" ಅನ್ನುತ್ತಾಳೆ. ಆ ಮಾತು ಅವಳ ಬಾಯಲ್ಲಿ ಮುರಿದುಬೀಳುವುದನ್ನು ರಂಜಿನಿ ನೋಡಲಾರಳು.

"ನೀವೇ ಹೇಳ್ಬೇಕು. ನಾನಲ್ಲ. ಅಲ್ಲಿಗೆ ಹೋಗೋ ಮೊದಲು."

"ದಾರೀಲಿ ಹೇಳ್ತೀನಿ."

"ಅತ್ತೆ ಹೆಸರು ಬರದ ಹಾಗೆ ಹೇಳಕ್ಕಾದ್ರೆ ಹೇಳಿ."

"ಅವಳ ಹೆಸರು ಬರದೆ ಹೆಂಗೆ ಹೇಳದು ರಂಜಿನಿ?" ಎಂದು ಅವನು ಮತ್ತೆ ಸ್ಪ್ಯಾನರ್ ಎತ್ತಿಕೊಂಡ. ಬಿಗಿಯಾಗಿದ್ದ ಬ್ರೇಕನ್ನೇ ಇನ್ನೂ ಬಿಗಿ ಮಾಡತೊಡಗಿದ.

ಭಾನುವಾರ ಬೆಳಿಗ್ಗೆ ಮೂವರೂ ಸ್ಕೂಟರಿನಲ್ಲಿ ಹೊರಟರು. ಚಿಕ್ಕಮಾದಮ್ಮ ಗೇಟಿನವರೆಗೂ ಬಂದು, ಕವನಳ ತೊಡೆಯ ಮೇಲಿದ್ದ ಬಟ್ಟೆ ಚೀಲದ ಮೇಲೆ ಕೈಯಿಟ್ಟು, "ಅಷ್ಟ್ ದಿನ ಪೂಜೆ ಮಾಡಿವ್ನಿ, ಜೋಪಾನವಾಗಿ ಕೊಡಿ" ಎಂದರು. ರವಿಚಂದ್ರ ಹಿಂತಿರುಗಿ ನೋಡದೆ ಕಿಕ್ ಹೊಡೆದ.

ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯ ಅರ್ಧ ತಿನ್ನುತ್ತಿದ್ದವು. ಕವನ ಅಪ್ಪ ಅಮ್ಮನ ನಡುವೆ ಚೀಲ ತಬ್ಬಿಕೊಂಡು ಕೂತಿದ್ದಳು. ಸುತ್ತೂರಿನ ಟೀ ಅಂಗಡಿಯ ಮುಂದೆ ರವಿಚಂದ್ರ ಗಾಡಿ ನಿಲ್ಲಿಸಿದಾಗ, ಈಗ ಹೇಳುತ್ತಾನೆ ಎಂದು ರಂಜಿನಿಗೆ ಗೊತ್ತಾಯಿತು. ಅವರಿಬ್ಬರನ್ನು ಬೆಂಚಿನ ಮೇಲೆ ಬಿಟ್ಟು ತಾನು ಟೀ ಹೇಳುವ ನೆಪದಲ್ಲಿ ದೂರ ನಿಂತಳು. ಆದರೂ ಮಾತು ಕೇಳಿಸುತ್ತಿತ್ತು.

"ಕವನ, ಈ ಚೆಂಡಿದ್ಯಲ್ಲ..."

"ಏನಪ್ಪ?"

ಹುಡುಗಿ ತಲೆ ಎತ್ತಿ ಅಪ್ಪನನ್ನು ನೋಡಿದಳು. ಅವಳು ಹಾಗೆ ನೋಡಿದರೆ ರಂಜಿನಿಗೂ ಮಾತು ಬರುವುದಿಲ್ಲ, ಅವನ ಮೇಲೆ ಕೋಪ ಮಾಡಿಕೊಂಡು ಏನು ಪ್ರಯೋಜನ?

"ಹುಷಾರಾಗಿ ಹಿಡ್ಕೊ ಅಂದೆ. ಹಂಪ್ ಇದಾವೆ."

"ಹಿಡ್ಕೊಂಡಿದ್ದೀನಿ." ಸ್ವಲ್ಪ ಹೊತ್ತಿಗೆ ಕವನಳೂ, "ಅಪ್ಪ..." ಎಂದಳು.

"ಹೂಂ?"

"ಏನಿಲ್ಲ. ನಂಗೆ ಬನ್ನು ಸಾಕು, ಟೀ ಬೇಡ."

ಬನ್ನನ್ನು ಅರ್ಧ ತಿಂದು ಇನ್ನರ್ಧವನ್ನು ಅಮ್ಮನ ಕೈಗೆ ಕೊಟ್ಟಳು.

ನರಸೀಪುರದ ಮೈದಾನದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಮೆಟ್ಟಿಲುಗಳ ಕೆಳಗಿನ ಕೋಣೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಗೋಡೆಗೆ ಒರಗಿದವರ ಬೆನ್ನೆಲ್ಲ ಬಿಳಿ. ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಮಂಟೇಸ್ವಾಮಿ ಮೇಷ್ಟ್ರು ಕೂತಿದ್ದರು. ಮುಂದೆ ಒಂದು ಹಳೆಯ ಚೆಂಡು. ಅದು ಭಾನುಪ್ರಿಯಾ ಮೊದಲ ಸಲ ರಾಜ್ಯಕ್ಕೆ ಆಯ್ಕೆಯಾದಾಗ ಸಹಿ ಹಾಕಿ ಗುರುವಿಗೆ ಕೊಟ್ಟದ್ದು. ಅದನ್ನು ಪಕ್ಕದಲ್ಲಿಟ್ಟುಕೊಂಡೇ ಅವರು ಬಂದ ವಸ್ತುಗಳನ್ನು ನೋಡುತ್ತಿದ್ದರು.

ಇವರಿಗಿಂತ ಮೊದಲು ಸೋಮನಾಥಪುರದ ಕಡೆಯ ಹುಡುಗಿ ಶೃತಿ ಮಾವನ ಜೊತೆ ಬಂದಿದ್ದಳು. ಕವನಳ ಓರಗೆಯವಳೇ, ಎದುರು ತಂಡದಲ್ಲಿ ಆಡುವವಳು. ಭಾನುಪ್ರಿಯಾ ನಂಬರಿನ ಆಟದ ಬನಿಯನ್ನು ತಂದಿದ್ದಳು, ಎದೆಯ ಮೇಲೆ ದೊಡ್ಡ ಸಹಿ. ಮೇಷ್ಟ್ರು ಬನಿಯನ್ನಿನೊಳಗೆ ಕೈ ಹಾಕಿ ಒಳಮಗ್ಗಲು ಹೊರಗೆ ತಿರುಗಿಸಿದರು. ಸಹಿಯ ಹಿಂದೆ ಬಟ್ಟೆ ಬೆಳ್ಳಗೇ ಇತ್ತು.

"ಕೈಯಲ್ಲಿ ಬರೆದಿದ್ರೆ ಶಾಯಿ ಹಿಂದಕ್ಕೆ ಇಳೀಬೇಕು ಕಣವ್ವ. ಇದು ಅಚ್ಚು."

"ಇಲ್ಲ ಸಾ, ಅಂಗಡಿಯವನು ದೇವರಾಣೆ ಮಾಡವ್ನೆ," ಎಂದ ಶೃತಿಯ ಮಾವ.

"ಯಾವ ದೇವರು ಅಂತ ಕೇಳಿದ್ಯೇನಯ್ಯಾ?"

"ಒಳ್ಳೆ ಬಟ್ಟೆ ಸಾ ಇದು. ಶಾಯಿ ಇಳಿಯಲ್ಲ."

"ಬಟ್ಟೆ ಒಳ್ಳೇದೇ. ಹಾಕ್ಕೊಂಡು ಆಡ್ಲಿ. ನಾನು ಬಟ್ಟೆ ಸುಳ್ಳು ಅಂದ್ನಾ?"

ಶೃತಿ ಕೈ ಚಾಚಿ ಅದನ್ನು ವಾಪಸ್ ತೆಗೆದುಕೊಂಡಳು. ಬನಿಯನ್ನನ್ನು ಮಡಿಸಿದಳು, ಮಡಿಕೆ ಸರಿಬರಲಿಲ್ಲವೆಂದು ಬಿಚ್ಚಿ ಮತ್ತೆ ಮಡಿಸಿದಳು. ಮೇಷ್ಟ್ರು, "ನಿನ್ನ ತಪ್ಪಲ್ಲ ಕಣೆ, ನೀನು ಹೇಳಿದವರ ಮಾತು ನಂಬಿದೆ" ಎಂದರು. ಅವಳು ಬಂದು ಕವನಳ ಪಕ್ಕದ ಬೆಂಚಿನಲ್ಲಿ ಕೂತಳು. ಮಾವ ಬಸ್ಸಿನ ಹೊತ್ತು ನೋಡಿಕೊಂಡು ಬರಲು ಹೋದ. ಕವನ ಅವಳ ಮುಖ ನೋಡಲಿಲ್ಲ, ಮಡಿಲಿನ ಬನಿಯನ್ನನ್ನೇ ನೋಡುತ್ತಿದ್ದಳು.

"ಬಾ, ನಂಜನಗೂಡಿನ ಚೆಂಡು ತೋರಿಸು," ಎಂದರು ಮೇಷ್ಟ್ರು.

ಕವನ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು ಮತ್ತೆ ಬೆಂಚಿಗೆ ಬಂದಳು. ಮೇಷ್ಟ್ರು ಎರಡು ಚೆಂಡನ್ನೂ ಪಕ್ಕಪಕ್ಕ ಹಿಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ರವಿಚಂದ್ರನ ಕೈ ಷರ್ಟಿನ ಗುಂಡಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.

"ಅಕ್ಷರ ಅವಳ ಥರಾನೇ ಅದೆ. ಬಾಗು ಸರಿ, ಕೊನೇ ಗೆರೆನೂ ಸರಿ." ಮೇಷ್ಟ್ರು ತಲೆ ಓರೆ ಮಾಡಿದರು. "ಆದ್ರೆ ಒಂಚೂರು ಚೆಂದ ಜಾಸ್ತಿ ಆಗದೆ. ನಮ್ಮ ಭಾನು ಇಷ್ಟು ಅಂದವಾಗಿ ಬರೆದಿದ್ರೆ ಎಸ್ಸೆಸ್ಸೆಲ್ಸೀಲಿ ಪಾಸಾಗ್ತಿದ್ಲು, ಮೊದಲ್ನೇ ಸಲಕ್ಕೇ. ಚೆಂಡು ಹೊಟ್ಟೆಗೆ ಒತ್ಕೊಂಡು ಬರೀತಾಳೆ ಅವಳು, ಗೆರೆ ಜಾರುತ್ತೆ. ಇದು ಮೇಜಿನ ಮೇಲೆ ಇಟ್ಟು ಬರೆದಂಗದೆ. ಯಾವಾಗ ಹಾಕಿಸ್ಕೊಂಡಿದ್ದು?"

"ಇಲ್ಲೇ ಸಾ. ಬಹುಮಾನ ಕೊಡಕ್ಕೆ ಬಂದಿದ್ರಲ್ಲ, ಆ ಬೇಸಿಗೇಲಿ," ಎಂದ ರವಿಚಂದ್ರ. ಅಷ್ಟು ನಿಜ. ಅಷ್ಟನ್ನೇ ಹೇಳಿದ.

ರಂಜಿನಿ ಗಂಡನ ಕಡೆ ನೋಡಿದಳು. ಅವನು ನೋಡಲಿಲ್ಲ.

ಮೇಷ್ಟ್ರು ಚೆಂಡನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಹೊಲಿಗೆಯ ಸಂದಿಯಲ್ಲಿ ಉಗುರು ಆಡಿಸಿದರು, ಉಗುರಿಗೆ ಬಿಳಿ ಪುಡಿ ಬಂತು. ಮೂಗಿನ ಹತ್ತಿರ ಹಿಡಿದು ನೋಡಿ ನಕ್ಕರು.

"ವಿಭೂತಿ. ಇಲ್ಲಿ ನೋಡಿ, ಕುಂಕುಮದ ಕಲೆ. ಆಯುಧಪೂಜೆ ಮಾಡಿದ್ದೀರಾ?"

"ನಮ್ಮತ್ತೆ ಮಾಡಿದ್ದು," ಎಂದಳು ರಂಜಿನಿ.

"ಅಲ್ಲಿಗೆ ಮುಗೀತು." ಮೇಷ್ಟ್ರು ಚೆಂಡನ್ನು ತಮ್ಮ ಹಳೆಯ ಚೆಂಡಿನ ಪಕ್ಕಕ್ಕೇ ಇಟ್ಟರು. "ನಾನು ಗೆರೆ ನೋಡ್ಕೊಂಡು ಕೂತಿದ್ದೀನಿ, ದಡ್ಡ. ಅಂಗಡೀಲಿ ಕೊಂಡ ಸುಳ್ಳಿಗೆ ಯಾರು ವಿಭೂತಿ ಹಚ್ತಾರೆ? ದೇವರ ಮುಂದೆ ಇಟ್ಟಿದ್ದಾರೆ ಅಂದ್ರೆ ಆ ಮನೆಯವರು ನಂಬಿದ್ದಾರೆ. ಅವತ್ತು ಅವಳು ಮೇಜಿನ ಮೇಲಿಟ್ಟೇ ಬರೆದಿರಬೋದು. ಇದು ಇಲ್ಲೇ ಇರ್ಲಿ. ಹೆಸರು ಏನು ಬರೆಸ್ಲಿ, ಕವನ ರವಿಚಂದ್ರ ಅಂತನಾ?"

ರವಿಚಂದ್ರ ನಕ್ಕ. ಭಾರ ಇಳಿಸಿದವನ ನಗು. ಬೆನ್ನಿಗೆ ಅಂಟಿದ್ದ ಸುಣ್ಣವನ್ನು ಕೊಡವಿಕೊಳ್ಳುತ್ತ, "ಬರೆಸಿ ಸಾ, ಬರೆಸಿ. ದೊಡ್ಡದಾಗೇ ಬರೆಸಿ" ಎಂದ. ನಾಲ್ಕು ದಿನದಿಂದ ಸಾಕ್ಸು ಉಂಡೆ ಮಾಡುತ್ತಿದ್ದ ಮನುಷ್ಯ ಮತ್ತೆ ಮಾಮೂಲಿ ರವಿಚಂದ್ರ ಆಗಿಬಿಟ್ಟಿದ್ದ. ಆ ನಗು ನೋಡಿ ರಂಜಿನಿಗೆ ಕೋಪಕ್ಕಿಂತ ಹೆಚ್ಚಾಗಿ ಏನೋ ಆಯಿತು. ಒಲೆಯ ಮೇಲೆ ಹಾಲಿಟ್ಟು ಮರೆತದ್ದು ತಟ್ಟನೆ ನೆನಪಾದರೆ ಎದೆ ಧಸಕ್ಕೆನ್ನುವ ಹಾಗೆ. ಅಚ್ಚಿನ ಬನಿಯನ್ನು ಮಡಿಲಲ್ಲಿಟ್ಟುಕೊಂಡ ಶೃತಿ ಕವನಳ ಕಡೆ ನೋಡಿ, "ನಿಂದು ನಿಜವಾದ್ದು ಕಣೆ" ಎಂದಳು. ಹೊಟ್ಟೆಕಿಚ್ಚೇನೂ ಇಲ್ಲದ ದನಿ.

ತಾನೇ ಹೇಳಿಬಿಡಲೇ ಎಂದು ರಂಜಿನಿ ಒಂದು ಹೆಜ್ಜೆ ಮುಂದಿಟ್ಟಳು. ಹೇಳಬೇಕಾದ ಮಾತೂ ಬಾಯಲ್ಲಿ ಕೂಡಿಕೊಂಡಿತ್ತು. ಅಷ್ಟರಲ್ಲಿ ಕವನ ಬೆಂಚಿನಿಂದ ಎದ್ದಳು.

ಮೇಷ್ಟ್ರು ಇಟ್ಟಿದ್ದ ಚೆಂಡನ್ನು ಅವಳು ಎರಡೂ ಕೈಯಲ್ಲಿ ಎತ್ತಿಕೊಂಡಳು. ನೋಡಲೇ ಇಲ್ಲ; ಹೆಬ್ಬೆರಳು ತಾನಾಗಿ ಸಹಿಯ ಮಧ್ಯಕ್ಕೆ, ಆ ಕೆಂಪು ಕಲೆಯ ಮೇಲೆ ಹೋಗಿ ಕೂತಿತು. ಕತ್ತಲಲ್ಲಿ ಸ್ವಿಚ್ಚು ಹುಡುಕದೆಯೇ ಸಿಗುವ ಹಾಗೆ. ಇದು ಇವತ್ತಿನದಲ್ಲ ಎಂದು ರಂಜಿನಿಗೆ ಅರ್ಥವಾಯಿತು. ಆ ಬೆರಳು ಆ ಜಾಗಕ್ಕೆ ಎಷ್ಟೋ ಸಲ ಹೋಗಿಬಂದಿದೆ. ತಾನು ಮೊನ್ನೆ ಕಿಟಕಿಯ ಬೆಳಕಿನಲ್ಲಿ ಕಂಡದ್ದನ್ನು ಮಗಳು ಎಂದೋ ಕಂಡು, ಯಾರಿಗೂ ಹೇಳದೆ, 'ಏನಿಲ್ಲ, ಏನಿಲ್ಲ' ಎಂದು ನುಂಗಿಕೊಂಡು ಬಂದಿದ್ದಾಳೆ. ಚೆಂಡನ್ನು ಇಲ್ಲಿಗೆ ಕೊಡುತ್ತೇನೆ ಎಂದು ಒಪ್ಪಿಕೊಂಡದ್ದೂ ಅದಕ್ಕೇ ಇರಬೇಕು. ಯಾರಾದರೂ ದೊಡ್ಡವರು ನೋಡಿ, ತಾನು ಕೇಳದೆಯೇ ಹೇಳಿಬಿಡಲಿ ಎಂದು.

ರಂಜಿನಿ ಮುಂದಿಟ್ಟ ಹೆಜ್ಜೆಯನ್ನು ಅಲ್ಲೇ ನಿಲ್ಲಿಸಿದಳು. ಮಗಳ ಬೆನ್ನಿನ ಹಿಂದೆ, ಕೈಗೆಟುಕುವಷ್ಟು ಹತ್ತಿರದಲ್ಲಿ, ಸುಮ್ಮನೆ ನಿಂತಳು.

ಕವನ ಮೇಷ್ಟ್ರ ಕಡೆ ತಿರುಗಲಿಲ್ಲ. ಚೆಂಡನ್ನು ಅಪ್ಪನ ಮುಂದೆ ಹಿಡಿದಳು. ಹೊರಗೆ ಯಾರೋ ಔಟಾದರೆಂದು ಹುಡುಗರು ಜಗಳವಾಡುತ್ತಿದ್ದರು. ಅದು ತಣ್ಣಗಾಗುವವರೆಗೂ ಕಾದು, ಅಪ್ಪನ ಮುಖವನ್ನೇ ನೋಡುತ್ತ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:

"ಅಪ್ಪ, ಮೊದ್ಲು ಭಾನುಪ್ರಿಯಾ ಅಕ್ಕ ಸಹಿ ಹಾಕಿದ್ದಾ, ಮೊದ್ಲು ಅಜ್ಜಿ ಕುಂಕುಮ ಇಟ್ಟಿದ್ದಾ?"